ನೊಗ ಕಳಚುವ ಹೊತ್ತು
(ಗ್ರಾಮಸೇವಕರೊಬ್ಬರ ಭಾಷಣ)



ನಾನು ಬೇಸಾಯದ ಡಿಪ್ಲೊಮಾ ಓದಿದವನು. ಬೀಜ ಗೊಬ್ಬರಗಳ ಮಾತು ಬಿಟ್ಟು ಈ ದಿನ ಬೇರೆ ವಿಷಯ ಎತ್ತಿದೆನೆಂದು ಬೇಸರಪಡಬೇಡಿ. ಉಳುವಾಗ ಬಿಸಿಲೇರಿದೊಡನೆ ನೀವು ನೊಗ ಕಳಚಿ ಎತ್ತುಗಳನ್ನು ನೆರಳಿಗೆ ಕಟ್ಟುತ್ತೀರಿ. ಹಾಗೆ ಮಾಡದವನ ಎತ್ತು ಒಂದು ದಿನ ಸಾಲಿನಲ್ಲೇ ಮಲಗುತ್ತದೆ. ಆಗ ಬಾರುಕೋಲಿಗೂ ಏಳದು. ಎತ್ತಿನ ಮೇಲಿನ ಈ ಕನಿಕರ ನಮ್ಮೂರ ಆಶಾ ಕಾರ್ಯಕರ್ತೆಯ ಮೇಲೆ ಉಂಟೇ?

೨೦೦೫ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಈ ಅಕ್ಕಂದಿರು ನಮ್ಮ ಊರುಗಳಿಗೆ ಬಂದರು. ಸುಮಾರು ೧,೦೦೦ ಜನಕ್ಕೆ ಒಬ್ಬರು. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ೪೨ ದಿನಗಳವರೆಗೆ ಬಾಣಂತಿ ಮತ್ತು ಕೂಸನ್ನು ಮನೆಗೆ ಹೋಗಿ ನೋಡುವುದು, ಲಸಿಕೆಗೆ ಮಕ್ಕಳನ್ನು ಸೇರಿಸುವುದು, ವರದಿ ಬರೆಯುವುದು ಎಲ್ಲವೂ ಅವರದೇ. ೨೦೨೦ರಲ್ಲಿ ಕೊರೋನಾ ಬಂದಾಗ ಮನೆಮನೆ ತಿರುಗಿದವರೂ ಅವರೇ. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಆದರೂ ೨೦೨೫ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಗೌರವಧನದ ಏರಿಕೆಗಾಗಿ ಬೆಂಗಳೂರಿನಲ್ಲಿ ಧರಣಿ ಕೂರಬೇಕಾಯಿತು.

ಒಂದು ಊರಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹೆರಿಗೆಯೊಂದರ ಸಲುವಾಗಿ ಎರಡು ರಾತ್ರಿ ಆಸ್ಪತ್ರೆಯಲ್ಲಿ ಕಳೆದು ಬಂದ ಅಕ್ಕನನ್ನು, ಲಸಿಕೆಯ ಮೇಲೆ ಮಗುವಿಗೆ ಜ್ವರ ಬಂದಿತೆಂದು ಒಬ್ಬರು ಬೀದಿಯಲ್ಲಿ ನಿಲ್ಲಿಸಿ ಬೈದರು. ಅಲ್ಲಿಯೇ ಇದ್ದ ನಾನು ಸುಮ್ಮನಿದ್ದೆ. ಅದು ನನ್ನ ತಪ್ಪು. ಆಮೇಲೆ ಆಕೆ ಹೇಳಿದರು: "ತಮ್ಮಾ, ಬೈಗುಳ ಹೋಗಲಿ. ಈಚೆಗೆ ಕೂಸು ಅತ್ತರೂ ನನಗೆ ಏನೂ ಅನ್ನಿಸುವುದಿಲ್ಲ. ಅದೇ ಹೆದರಿಕೆ."

ಇದು ಸೋಮಾರಿತನವಲ್ಲ. ಕೆಲಸದ ಒತ್ತಡ ಬಹುಕಾಲ ಇಳಿಯದೆ ಉಳಿದರೆ ಮೂರು ಲಕ್ಷಣ ಕಾಣುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ತಿಳಿಸಿತು: ತೀರಾ ದಣಿವು, ಕೆಲಸದಿಂದ ಮನಸ್ಸು ದೂರವಾಗುವುದು, ಕೈಯಲ್ಲಿ ಏನೂ ಸಾಗದೆನ್ನುವ ಭಾವನೆ. ಅಂಥ ಮನಸ್ಸಿಗೆ ಬಾಣಂತಿಯ ಮೈ ಬಿಸಿ ಗಮನಕ್ಕೆ ಬಾರದೆ ಹೋಗಬಹುದು. ನಷ್ಟ ನಮ್ಮ ಮನೆಗೇ.

ಆದುದರಿಂದ ನಾವು ಮಾಡಬಹುದಾದದ್ದು ಇಷ್ಟು:

೧. ಲಸಿಕೆಯ ದಿನ ಕರೆಗೆ ಕಾಯದೆ ತಾಯಿ ಕಾರ್ಡಿನೊಡನೆ ಮಕ್ಕಳನ್ನು ನೀವೇ ಕರೆತನ್ನಿ. ಲಸಿಕೆಯ ಮೇಲೆ ಒಂದೆರಡು ದಿನ ಸಣ್ಣ ಜ್ವರ ಬರುವುದುಂಟು, ಜಗಳ ಬೇಡ. ಜ್ವರ ಹೆಚ್ಚಾದರೆ ಆಸ್ಪತ್ರೆಗೆ ತೋರಿಸಿ.

೨. ಹೆರಿಗೆ ನೋವು ಬಂದರೆ ೧೦೮ಕ್ಕೆ ನೀವೇ ಕರೆ ಮಾಡಿ. ಮನೆಯವರೊಬ್ಬರು ಆಸ್ಪತ್ರೆಯಲ್ಲಿ ಉಳಿದು, ಅಕ್ಕನನ್ನು ಮನೆಗೆ ಕಳುಹಿಸಿ.

೩. ಬೆಳಗಿನವರೆಗೆ ಕಾಯಬಹುದಾದ ಕೆಲಸಕ್ಕೆ ರಾತ್ರಿ ಅವರ ಬಾಗಿಲು ತಟ್ಟಬೇಡಿ.

೪. ಗೌರವಧನ ಹೆಚ್ಚಿಸುವುದು ನಮ್ಮ ಕೈಯಲ್ಲಿಲ್ಲ, ಸರ್ಕಾರದ ಕೈಯಲ್ಲಿದೆ. ಆದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಕಳುಹಿಸಬಹುದು. ಊರಿನ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅವರ ಕಷ್ಟವನ್ನು ಮೊದಲು ಕೇಳಿ.

೫. ಮನಸ್ಸು ಭಾರವಾದವರು ಟೆಲಿ ಮಾನಸ್‌ನ ೧೪೪೧೬ಕ್ಕೆ ಕರೆ ಮಾಡಬಹುದು. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಇದು ಅಕ್ಕನಿಗೂ ಉಂಟು, ನಿಮಗೂ ಉಂಟು.

ನಾಳೆ ಅಕ್ಕ ನಿಮ್ಮ ಅಂಗಳಕ್ಕೆ ಬಂದಾಗ ಮೊದಲು ಜಗಲಿಯ ಮೇಲೆ ಕೂರಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟು, "ಊಟವಾಯಿತೇ?" ಎಂದು ಕೇಳಿ. ನಾನೂ ಇನ್ನು ಮುಂದೆ ಸುಮ್ಮನಿರುವುದಿಲ್ಲ.