ಬ್ರಾಂಚಿಗೆ ಹೋಗಿ ಬರ್ತೇನೆ

ಇಂಗ್ಲಿಷ್ ಪಾಠದಲ್ಲಿ ಬ್ರಾಂಚ್ ಎಂದರೆ ಮರದ ಗೆಲ್ಲು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹೆಂಗಸರು "ಬ್ರಾಂಚಿಗೆ ಹೋಗಿ ಬರ್ತೇನೆ" ಎಂದು ಚೀಲ ಹಿಡಿದು ಹೊರಟರೆ ಅದು ಬೀಡಿ ಬ್ರಾಂಚು. ಮನೆಯ ಜಗಲಿಯಲ್ಲಿ ಸುರುಟಿ, ನೂಲು ಸುತ್ತಿ ಕಟ್ಟಿದ ಬೀಡಿ ಕೊಟ್ಟು, ಮರುದಿನಕ್ಕೆ ಎಲೆ, ಹೊಗೆಸೊಪ್ಪಿನ ಪುಡಿ ತರುವ ಜಾಗ. ಅಲ್ಲಿ ಕಟ್ಟುಗಳನ್ನು ತಿರುಗಿಸಿ ನೋಡುತ್ತಾರೆ, ಸರಿಯಿಲ್ಲದ್ದನ್ನು ಬದಿಗೆ ಹಾಕುತ್ತಾರೆ, ಉಳಿದದ್ದನ್ನು ಲೆಕ್ಕಕ್ಕೆ ಬರೆಯುತ್ತಾರೆ. ಮಜೂರಿ ಸಾವಿರ ಬೀಡಿಗೆ ಇಂತಿಷ್ಟು.

ಬ್ಯಾಂಕಿನ ಬ್ರಾಂಚೂ ನಮಗೆ ಹೊಸದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್ ಹುಟ್ಟಿದ ಸೀಮೆ ಇದು. ಹಳ್ಳಿಯ ಅಂಚೆ ಕಚೇರಿಯೂ ಬ್ರಾಂಚೇ. ಪಿಯುಸಿ ಮುಗಿಸಿದ ಮಕ್ಕಳನ್ನು "ಯಾವ ಬ್ರಾಂಚ್ ಸಿಕ್ಕಿತು?" ಎಂದು ಕೇಳಿದರೆ ಮಾತ್ರ ಅದು ಎಂಜಿನಿಯರಿಂಗ್ ಸೀಟಿನ ಮಾತು.

ಎಷ್ಟೋ ಮನೆಗಳಲ್ಲಿ ಅಮ್ಮ ಒಂದು ಬ್ರಾಂಚಿನಿಂದ ತಂದ ದುಡ್ಡು ಇನ್ನೊಂದು ಬ್ರಾಂಚಿನಲ್ಲಿ ಜಮೆಯಾಗಿ, ಮಗಳ ಬ್ರಾಂಚಿನ ಫೀಸಾಗಿದೆ. ಈ ಮೂರನ್ನೂ ಒಂದೇ ಕೈ ದಾಟಿಸಿದ್ದು ನಿಘಂಟಿನಲ್ಲಿ ಸಿಗುವುದಿಲ್ಲ ಬಿಡಿ. ಆದರೂ ಬೀಡಿ ಆರೋಗ್ಯಕ್ಕೆ ಕೇಡು, ಅದರಲ್ಲಿ ಎರಡು ಮಾತಿಲ್ಲ. ಕಟ್ಟುವವರ ಬೆನ್ನು, ಶ್ವಾಸಕ್ಕೂ ಕೇಡೇ.

ನಿಮ್ಮ ಮನೆಯಲ್ಲೂ ಬೀಡಿ ಕಟ್ಟಿದ ಹಿರಿಯರಿದ್ದರೆ ಅವರ ಆ ದುಡಿಮೆಯ ಪಿ.ಎಫ್. (ಭವಿಷ್ಯ ನಿಧಿ) ಕಾಗದಗಳನ್ನು ಇವತ್ತೇ ಹೊರತೆಗೆಯಿರಿ. ಹೆಸರು, ಹುಟ್ಟಿದ ತಾರೀಕು ಆಧಾರ್ ಜೊತೆ ತಾಳೆಯಾಗುತ್ತದೆಯೇ ಎಂದು ನೋಡಿ, ಇಲ್ಲದಿದ್ದರೆ ಈಗಲೇ ತಿದ್ದಿಸಿಕೊಡಿ.