ಅರಸರು ಹೋದ ಮೇಲೂ ಉಳಿದ ಹೆಸರು

ಮಡಿಕೇರಿ ಎಂಬ ಹೆಸರಿನೊಳಗೆ ಒಬ್ಬ ಅರಸ ಅಡಗಿ ಕುಳಿತಿದ್ದಾನೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ, ಊರು ಮುದ್ದುರಾಜಕೇರಿಯಾಯಿತು. ಜನರ ನಾಲಿಗೆಯ ಮೇಲೆ ಸವೆದು ಸವೆದು ಅದೇ ಮಡಿಕೇರಿ, ಬ್ರಿಟಿಷರ ಬಾಯಲ್ಲಿ ಮರ್ಕೆರಾ. ನಡುವೆ ಟಿಪ್ಪು ಸುಲ್ತಾನ ಕೋಟೆಗೆ ಜಾಫರಾಬಾದ್ ಎಂದು ಹೆಸರಿಟ್ಟದ್ದೂ ಉಂಟು. ಆ ಹೆಸರನ್ನು ಈಗ ಹುಡುಕಬೇಕಾದದ್ದು ಚರಿತ್ರೆಯ ಪುಸ್ತಕಗಳಲ್ಲಿ.

ಹೆಸರುಗಳ ಇಂಥ ಆಟ ಉತ್ತರ ಆಫ್ರಿಕದಲ್ಲೂ ನಡೆದಿದೆ. ಇಂದಿನ ಮೊರಾಕೊ ಮತ್ತು ಅಲ್ಜೀರಿಯದ ಉತ್ತರ ಭಾಗಗಳಲ್ಲಿ ಮೌರಿ ಎಂಬ ಜನರ ನಾಡಿತ್ತು. ಅದೇ ಮೌರಿಟಾನಿಯ ರಾಜ್ಯ. ಕ್ರಿಸ್ತಪೂರ್ವ 25ರಲ್ಲಿ ರೋಮಿನ ಚಕ್ರವರ್ತಿ ಆಗಸ್ಟಸ್ ಅಲ್ಲಿ ಎರಡನೆಯ ಜೂಬನನ್ನು ಪಟ್ಟಕ್ಕೆ ಕೂರಿಸಿದ. ಗ್ರಂಥಗಳನ್ನು ಬರೆದ ಪಂಡಿತ ಅರಸ ಈತ. ಮಡದಿ ಈಜಿಪ್ಟಿನ ಕ್ಲಿಯೋಪಾತ್ರಳ ಮಗಳು. ಕೃತಜ್ಞತೆಗೋ, ಜಾಣತನಕ್ಕೋ, ತನ್ನ ರಾಜಧಾನಿ ಇಯೋಲ್‌ಗೆ ಸಿಸೇರಿಯ ಎಂದು ಹೆಸರು ಬದಲಿಸಿದ. ಅದು ಸವೆದು ಈಗ ಶೆರ್ಷೆಲ್ ಆಗಿದೆ, ನಮ್ಮ ಮುದ್ದುರಾಜಕೇರಿಯ ಹಾಗೆಯೇ. ಜೂಬನ ಮಗ ಟಾಲೆಮಿಯನ್ನು ಕ್ರಿಸ್ತಶಕ 40ರಲ್ಲಿ ಕ್ಯಾಲಿಗುಲ ಕೊಲ್ಲಿಸಿದ. ರೋಮನ್ನರು ರಾಜ್ಯವನ್ನು ಎರಡು ಪ್ರಾಂತಗಳಾಗಿ ಹಂಚಿದರು.

ರಾಜ್ಯ ಮುಗಿಯಿತು, ಹೆಸರು ಮುಗಿಯಲಿಲ್ಲ. ಯುರೋಪಿನವರ 'ಮೂರ್' ಎಂಬ ಮಾತು ಮೌರಿಯಿಂದಲೇ ಹುಟ್ಟಿದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚರು ಆ ಹಳೆಯ ಹೆಸರನ್ನು ಸಹಾರಾದ ತೆಂಕಣ-ಪಡುವಣ ಮೂಲೆಯ ಒಂದು ಸೀಮೆಗೆ ಹಚ್ಚಿದರು. 1960ರಲ್ಲಿ ಅದು ಸ್ವತಂತ್ರ ದೇಶವಾಯಿತು. ತಮಾಷೆಯೆಂದರೆ, ಜೂಬನ ರಾಜ್ಯ ಅಲ್ಲಿಯವರೆಗೆ ಹಬ್ಬಿರಲೇ ಇಲ್ಲ. ಅವನ ರಾಜಧಾನಿಯಿಂದ ಈ ದೇಶದ ರಾಜಧಾನಿ ನೌಆಕ್‌ಶಾಟ್‌ಗೆ ಎರಡು ಸಾವಿರ ಕಿಲೋಮೀಟರಿಗೂ ಮಿಗಿಲು.

ಕೊಡಗಿನ ಹೆಸರು ಹಾಗೆ ಊರು ಬಿಟ್ಟು ಹೋಗಲಿಲ್ಲ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದ ಅರಸ 1859ರಲ್ಲಿ ಅಲ್ಲೇ ತೀರಿಕೊಂಡ. ನಾಡು ಮಾತ್ರ 'ಕೂರ್ಗ್' ಎಂಬ ಹೆಸರಿನಲ್ಲಿ ಪ್ರತ್ಯೇಕ ಪ್ರಾಂತವಾಗಿ, ಸ್ವಾತಂತ್ರ್ಯದ ನಂತರ ಪುಟ್ಟ ರಾಜ್ಯವಾಗಿ ನಿಂತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದ ಜಿಲ್ಲೆಯಾಯಿತು.

ಅರಸರ ಹೆಸರುಗಳ ಪಾಡು ಬೇರೆ. ದೊಡ್ಡವೀರರಾಜೇಂದ್ರನ ಹೆಸರು ವಿರಾಜಪೇಟೆಯಲ್ಲಿ ಮೊಟಕಾಗಿ ಉಳಿದಿದೆ. ಬ್ರಿಟಿಷ್ ಅಧಿಕಾರಿ ಫ್ರೇಸರನ ಫ್ರೇಸರ್‌ಪೇಟೆ ಕುಶಾಲನಗರವಾಗಿದೆ. ಸುಮಾರು ಎರಡು ಶತಮಾನ ಆಳಿದ ವಂಶದ ಹೆಸರು ಮಡಿಕೇರಿಗೆ ಹತ್ತಿರದ ಹಾಲೇರಿ ಎಂಬ ಹಳ್ಳಿಗಷ್ಟೇ. ನಾಡಿನ ಜನರು ಈಗಲೂ ಕೊಡಗು ಎನ್ನುತ್ತಾರೆ. ಭೌಗೋಳಿಕ ಸೂಚಕದ ದಾಖಲೆಯಲ್ಲಿ ಇಲ್ಲಿನ ಕಿತ್ತಳೆ ಮಾತ್ರ 'ಕೂರ್ಗ್ ಆರೆಂಜ್'.