ಉಬ್ಬದೆ ಹರಿಯದು ಮರಳು



ಅಲೆ ಈಗಷ್ಟೇ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಕಾಲೂರಿ ನೋಡಿ. ಪಾದದ ಸುತ್ತ ಮರಳು ತಟಕ್ಕನೆ ಬಿಳುಚಿ, ಒಣಗಿದಂತೆ ಕಾಣುತ್ತದೆ. ಒತ್ತಿದರೆ ನೀರು ಮೇಲೆ ಬರಬೇಕಲ್ಲವೇ? ಒಳಗೆ ಹೋಗುವುದೇಕೆ? ಇದನ್ನು ಬಿಡಿಸಿ ಹೇಳಿದವರು ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್, 1885ರಲ್ಲಿ. ಒತ್ತಾಗಿ ಕೂತ ಕಾಳುಗಳು ಪಕ್ಕಕ್ಕೆ ಸರಿಯಬೇಕಾದರೆ ಒಂದನ್ನೊಂದು ಹತ್ತಿ ದಾಟಬೇಕು. ಹತ್ತುವಾಗ ನಡುವಿನ ಸಂದು ಹಿಗ್ಗುತ್ತದೆ, ಮೇಲಿನ ನೀರು ಅಲ್ಲಿಗೆ ಇಳಿಯುತ್ತದೆ. ರಬ್ಬರ್ ಚೀಲದಲ್ಲಿ ಕಾಳು, ನೀರು ತುಂಬಿ, ಬಾಯಿಗೆ ಗಾಜಿನ ಕೊಳವೆ ಸಿಕ್ಕಿಸಿ, ಚೀಲ ಹಿಸುಕಿದರೆ ಕೊಳವೆಯ ನೀರು ಇಳಿಯುತ್ತದೆ! ಕೊಳವೆಯ ಬಾಯಿ ಮುಚ್ಚಿಬಿಟ್ಟರೆ ಚೀಲ ಕಲ್ಲಿನಂತೆ ಗಟ್ಟಿ. ಉಬ್ಬಲು ಜಾಗವಿಲ್ಲದ ಕಾಳುರಾಶಿ ಹರಿಯಲಾರದು. ನನ್ನ ಮಟ್ಟಿಗೆ ಈ ವಿಷಯದ ತಿರುಳೆಲ್ಲ ಇಲ್ಲೇ ಇದೆ.

ಕಾಳುಗಳನ್ನು ಹೀಗೆ ಪದರದ ಮೇಲೆ ಪದರ ಜಾರುವಂತೆ ತಳ್ಳುವುದಕ್ಕೆ ವಿಜ್ಞಾನಿಗಳು ಶಿಯರ್ ಎನ್ನುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬೆರಿಂಜರ್ ಕಾಳುಗಳ ಬದಲು ಪಾರದರ್ಶಕ ಬಿಲ್ಲೆಗಳನ್ನು ಹರಡಿ ಶಿಯರ್ ಮಾಡಿದರು. ಧ್ರುವೀಕರಿಸಿದ ಬೆಳಕಿನಲ್ಲಿ ನೋಡಿದರೆ ಒತ್ತಡ ಹೊತ್ತ ಬಿಲ್ಲೆಗಳು ಮಾತ್ರ ಬೆಳಗುತ್ತವೆ. ಮೊದಲು ಎಲ್ಲವೂ ಕತ್ತಲು, ಬಿಲ್ಲೆಗಳು ಸಡಿಲ. ವಿಸ್ತೀರ್ಣ ಬದಲಿಸದೆ, ಬಿಲ್ಲೆಗಳಿರುವ ಚೌಕವನ್ನು ಮೆಲ್ಲಗೆ ಆಯತವಾಗಿಸುತ್ತ ಹೋದಂತೆ ಒಂದೇ ದಿಕ್ಕಿನಲ್ಲಿ ಬೆಳಕಿನ ಎಳೆಗಳು ಮೂಡುತ್ತವೆ. ಇನ್ನಷ್ಟು ತಳ್ಳಿದರೆ ಎಳೆಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡು ಇಡೀ ರಾಶಿ ಬಿಗಿಯುತ್ತದೆ. ಒಂದು ಬಿಲ್ಲೆಯನ್ನೂ ಸೇರಿಸಿಲ್ಲ, ಜಾಗ ಕಿರಿದು ಮಾಡಿಲ್ಲ! ಬುಲ್ಬುಲ್ ಚಕ್ರವರ್ತಿ ಮೊದಲಾದವರೊಂದಿಗೆ ಅವರು ಇದನ್ನು 2011ರಲ್ಲಿ ಪ್ರಕಟಿಸಿದರು. ತಳ್ಳಿದರೆ ಹರಿಯುತ್ತದೆ ಎಂಬ ನಂಬಿಕೆಯನ್ನೇ ಇದು ಬುಡಮೇಲು ಮಾಡಿತು.

ಇನ್ನು ಕಣಜಕ್ಕೆ ಬರೋಣ. ಕಣಜದಲ್ಲಿ ಕಾಳು ಎಷ್ಟೇ ಎತ್ತರ ತುಂಬಿದರೂ ಒಂದು ಆಳದ ನಂತರ ತಳದ ಒತ್ತಡ ಹೆಚ್ಚುವುದಿಲ್ಲ, ಗೋಡೆಯ ಘರ್ಷಣೆ ಭಾರವನ್ನು ಹೊತ್ತುಕೊಳ್ಳುತ್ತದೆ ಎಂದು ಜರ್ಮನಿಯ ಯಾನ್ಸೆನ್ 1895ರಲ್ಲೇ ತೋರಿಸಿದ್ದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಭು ನಾಟ್ ಮತ್ತು ಸಂಗಡಿಗರು ಎರಡು ಸಿಲಿಂಡರುಗಳ ನಡುವೆ ಕಾಳು ತುಂಬಿ, ಒಳಗಿನದನ್ನು ನಿಧಾನವಾಗಿ ತಿರುಗಿಸಿದರು. 2012ರಲ್ಲಿ ಅವರು ವರದಿ ಮಾಡಿದ್ದು ಅಚ್ಚರಿಯ ಸಂಗತಿ: ಕಾಳುಗಳನ್ನು ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದ ಗೋಡೆ ಈಗ ಕೆಳಕ್ಕೆ ಒತ್ತುತ್ತದೆ, ಆಳಕ್ಕಿಳಿದಂತೆ ಒತ್ತಡ ಬೇಗಬೇಗ ಏರುತ್ತದೆ.

ಏಕೆ ಹೀಗೆ? ನಾಲ್ಕು ವರ್ಷಗಳ ಬಳಿಕ ಅದೇ ಪ್ರಯೋಗಾಲಯ ಕಾರಣ ಹೇಳಿತು. ಕಾಳುಗಳು ಸಿಲಿಂಡರಿನ ಜೊತೆ ಸುತ್ತುವುದಷ್ಟೇ ಅಲ್ಲ, ಮೇಲೆ ಕೆಳಗೆ ಬಹಳ ನಿಧಾನವಾದ ಒಂದು ಸುಳಿಯಾಗಿಯೂ ಚಲಿಸುತ್ತವೆ. ಆ ಸುಳಿಯನ್ನು ನಡೆಸುವುದು, 1885ರಲ್ಲಿ ರೆನಾಲ್ಡ್ಸ್ ಕಂಡ ಅದೇ ಉಬ್ಬುವಿಕೆ.